ಅಸ್ತರು

ಜನವರಿ. ಬೆಳಗಿನ ಐದೂ ಇಪ್ಪತ್ತು.
ವೂಚ್ ಊರಿನ ಸತ್ತ ಗಿರಣಿಗಳ ಚಿಮಣಿಗಳನ್ನು
ಮೈನಸ್ ಹದಿನಾಲ್ಕರ ಚಳಿ ಅವಚಿಕೊಂಡಿತ್ತು.
ಆಂಬುಲೆನ್ಸಿನಿಂದ ಇಳಿಸಿದ್ದು
ಎಪ್ಪತ್ತೆಂಟರ ಲಿಯೋಕಾದಿಯಾಳನ್ನು,
ಕೋಟು ಹೊಲಿಯುವಾಕೆ.
ನೋವೆಲ್ಲಿ ಎಂದರೆ
ಎದೆ ಮುಟ್ಟಲಿಲ್ಲ, ಬೆನ್ನು ಮುಟ್ಟಲಿಲ್ಲ;
ಎರಡು ಕೈಯಲ್ಲಿ ಗಾಳಿಯನ್ನು ಹಿಡಿದು
ಪರ್ರನೆ ಹರಿದು ತೋರಿಸಿದಳು.

ನನಗಾಗ ಇಪ್ಪತ್ತೇಳು. ವಿದ್ಯೆ ಇನ್ನೂ ಹಸಿ.
ಎದೆನೋವು, ಬೆವರು, ಮುದುಕಿ:
ಹೃದಯಾಘಾತ, ಇನ್ನೇನು?
ರಕ್ತ ತೆಳುವಾಗಿಸುವ ಔಷಧಿಯನ್ನು ಸಿರಿಂಜಿಗೆಳೆದು
ಗುಳ್ಳೆ ಹೋಗಲೆಂದು ಬೆರಳಲ್ಲಿ ತಟ್ಟುತ್ತಿದ್ದೆ.

ಕೋಟು ಬಿಡಿಸಲು ನರ್ಸ್ ತೆಕ್ಲಾ ಕತ್ತರಿ ಎತ್ತಿದಳು.
"ಬಟ್ಟೆಗೆ ಹಾಕಬೇಡ ಮಗಳೇ,
ಹೊಲಿಗೆಯ ಗುಂಟ ಹೋಗು,"
ಹಲ್ಲು ಕಚ್ಚಿಕೊಂಡೇ ಅಂದಳು.
ಬಲತೋಳಿಗೆ ಪಟ್ಟಿ ಸುತ್ತಿದೆ: ನೂರ ಎಂಬತ್ತೆರಡು.
"ಇನ್ನೊಂದು?"
ಇನ್ನೊಂದು ಏನು?
"ತೋಳು. ಒಂದೇ ತೋಳು ಅಳೆವ ದರ್ಜಿಯ ಕೋಟನ್ನು
ಅವನ ಒಡಹುಟ್ಟಿದವನೂ ತೊಡುವುದಿಲ್ಲ."
ನಗಿಸಲೆಂದೋ, ನರಳು ಮುಚ್ಚಲೆಂದೋ.
ಎಡತೋಳು: ನೂರ ನಾಲ್ಕು.
ಮತ್ತೆ ಸುತ್ತಿದೆ.
ನೂರ ನಾಲ್ಕು.

ಸಿರಿಂಜನ್ನು ಸ್ಟೀಲ್ ತಟ್ಟೆಯಲ್ಲಿಟ್ಟೆ.
ಆ ಸಣ್ಣ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಸ್ಕ್ಯಾನಿನಲ್ಲಿ, ಹೃದಯದ ಹೊಸ್ತಿಲಿನಿಂದ ತೊಡೆಯವರೆಗೆ
ಮಹಾಪಧಮನಿಯೊಳಗೊಂದು ತೆಳು ಗೆರೆ
ಒಂದು ನಾಳವನ್ನು ಎರಡಾಗಿಸಿತ್ತು.
ಹೇಗೆ ಹೇಳಲಿ? ತಡವರಿಸಿದೆ:
ಗೋಡೆಗೆ ಮೂರು ಪದರ, ಒಳಗಿನದು ಸೀಳಿ...
"ಅಸ್ತರು ಬಿಟ್ಟಿದೆ," ಅಂದಳು.
"ಜೇಬಿನ ತೂತಿನಿಂದ ಜಾರಿದ ಚಿಲ್ಲರೆ
ಅಸ್ತರಿಗೂ ಬಟ್ಟೆಗೂ ನಡುವೆ ಇಳಿದು
ಕೋಟಿನ ಅಂಚಿನಲ್ಲಿ ಕೂರುತ್ತದಲ್ಲ, ಹಾಗೆ."

ಮೊದಲೇ ಕೇಳಬೇಕಿದ್ದನ್ನು ಆಮೇಲೆ ಕೇಳಿದೆ.
ಬೀಪಿ? ಇಪ್ಪತ್ತು ವರ್ಷ.
ಮಾತ್ರೆ? ಅಕ್ಟೋಬರಿನಲ್ಲಿ ಬಿಟ್ಟೆ, ಚೆನ್ನಾಗಿದ್ದೆನಲ್ಲ.
ಸಿಗರೇಟು? ಗಿರಣಿ ಮುಚ್ಚಿದ ವರ್ಷ ಜಾಸ್ತಿಯಾಯಿತು.
ಮನೆಯಲ್ಲಿ ಯಾರಿಗಾದರೂ?
ತಮ್ಮ, ಸೆವೆರಿನ್.
ನಲವತ್ತನಾಲ್ಕಕ್ಕೆ ಇಸ್ತ್ರಿಮೇಜಿನ ಮೇಲೆ ಒರಗಿದ.
ಹೃದಯ ಎಂದು ಬರೆದರು. ಯಾರೂ ತೆರೆದು ನೋಡಲಿಲ್ಲ.
ಗಿರಾಕಿಯೊಬ್ಬರ ಪ್ಯಾಂಟು ಸುಟ್ಟುಹೋಯಿತು.

ಸರ್ಜನ್ ಬ್ಯೆಲಾಕ್ ಅವಳ ಕಣ್ಣಿನ ಮಟ್ಟಕ್ಕೆ ಬಗ್ಗಿದರು.
ಸೀಳು ಬರೀ ಬೆನ್ನ ಕಡೆ ಇದ್ದಿದ್ದರೆ
ಔಷಧಿಯಲ್ಲಿ ರಕ್ತದ ರಭಸ ತಗ್ಗಿಸಿ ಕಾಯಬಹುದಿತ್ತು.
ಇದು ಹೃದಯದ ಪಕ್ಕದ್ದು. ಸುಮ್ಮನಿದ್ದರೆ
ಗಂಟೆಗೆ ನೂರರಲ್ಲಿ ಒಬ್ಬರೋ ಇಬ್ಬರೋ ಹೋಗುತ್ತಾರೆ.
ಕೈಯಿಟ್ಟರೆ, ಮೈಯನ್ನು ತಣ್ಣಗಾಗಿಸಿ,
ರಕ್ತ ನಿಲ್ಲಿಸಿ, ಹೊಸ ಕೊಳವೆ ಹೊಲಿಯಬೇಕು.
ನಿಮ್ಮ ವಯಸ್ಸಿಗೆ ಐವರಲ್ಲಿ ಒಬ್ಬರು ಮನೆಗೆ ಹೋಗುವುದಿಲ್ಲ.
ಹೋದವರಲ್ಲೂ ಕೆಲವರ ಮಾತು ಇಲ್ಲೇ ಉಳಿಯುತ್ತದೆ.

"ಕೊಳವೆ ಯಾವ ಬಟ್ಟೆ?"
"ಪಾಲಿಯೆಸ್ಟರ್."
ಅಷ್ಟು ನೋವಿನಲ್ಲೂ ಮುಖ ಕಿವುಚಿದಳು.
ಐವತ್ತು ವರ್ಷ ಉಣ್ಣೆ ಬಿಟ್ಟು ಬೇರೆ ಮುಟ್ಟದ ಬೆರಳು
ಹಾಸಿಗೆಯ ಅಂಚನ್ನು ಉಜ್ಜಿ ಉಜ್ಜಿ ನೋಡಿತು.
ಬ್ಯೆಲಾಕ್ ಗಡಿಯಾರ ನೋಡಲಿಲ್ಲ.
ನಾನು ನೋಡಿದೆ.
"ಟಾಕು ಚಿಕ್ಕದಿರಲಿ,"
ಎಂದು ಸಹಿ ಹಾಕಿದಳು.

ಹನ್ನೊಂದನೆಯ ದಿನ
ಕೋಟು ತರಿಸಿಕೊಂಡು ಮಡಿಲಲ್ಲಿಟ್ಟುಕೊಂಡಿದ್ದಳು.
ಬ್ಯೆಲಾಕ್ ಹೇಳುತ್ತಿದ್ದರು: ಮೇಲಿನದು ಬದಲಿಸಿದೆ,
ಕೆಳಗಿನ ಸೀಳು ಹಾಗೇ ಇದೆ, ಇರುತ್ತದೆ.
ಮಾತ್ರೆ ಬಿಡುವಂತಿಲ್ಲ. ಭಾರ ಎತ್ತುವಂತಿಲ್ಲ.
ಸೆವೆರಿನ್‌ನ ಮಕ್ಕಳು ಒಮ್ಮೆ ಬಂದು ಎದೆ ತೋರಿಸಲಿ.
ಹೂಂ, ಹೂಂ, ಅನ್ನುತ್ತಲೇ
ತೆಕ್ಲಾ ಬಿಚ್ಚಿದ್ದ ಹೊಲಿಗೆಯನ್ನು ಬೆಳಕಿಗೆ ಹಿಡಿದಳು.
ನೇರವಾಗಿತ್ತು.

ಸೂಜಿಗೆ ದಾರ ಪೋಣಿಸಲು ಹೋದರೆ ಕೈ ನಡುಗಿತು.
ಮಾತಿಲ್ಲದೆ ನನ್ನ ಕಡೆ ಚಾಚಿದಳು.
ಎಂಜಲು ಹಚ್ಚಿ, ಕಣ್ಣು ಕಿರಿದಾಗಿಸಿ,
ಮೂರನೆಯ ಸಲಕ್ಕೆ ಪೋಣಿಸಿಕೊಟ್ಟೆ.