ತಾಲೀಮಿನ ತೋಪು

ಜ್ವಾಳದ ಹೊಲದಾಗ ಗುಬ್ಬಿ ಓಡಸೂ ಪೈಪು ಇದು,
ಕಡೋಲಿ ಕಡೆ ಗುಜರಿಯಾಗ ಮುನ್ನೂರಕ್ಕ ಸಿಕ್ಕಿತ್ತು.
ಹವಾಲ್ದಾರ ಧೋಂಡಿಬಾ ಹೊತ್ತು ತಂದು
ಕ್ಯಾಂಪಿನ ನನ್ನ ವೆಲ್ಡಿಂಗ್ ಅಂಗಡ್ಯಾಗ ಕೆಡವಿದ:
"ಬಾಬಾಲಾಲ್, ಸಪ್ಪಳ ಖರೇ ಇರಬೇಕು,
ಪೆಟ್ಟು ಸುಳ್ಳಿರಬೇಕು."

ಹಳೇ ವಾಷಿಂಗ್ ಮಶೀನಿನ ಟೈಮರ್ ಕಿತ್ತು ಕೂಡಿಸಿದ್ನಿ,
ಬಾಯಿಗೆ ಜಾಳಗಿ ಬೆಸದ್ನಿ.
ಒಂದು ಕಿಡಿ ಯಾವ ಹುಡುಗನ ಹುಬ್ಬು ಸುಟ್ಟೀತೋ ಅಂತ
ಮೂರು ರಾತ್ರಿ ನಿದ್ದಿಗೆಟ್ಟೆ.
ಹೊಗಿಗೂ ಅವಂದು ತಕರಾರು:
"ಇದು ಲಗ್ನದ ಮನಿ ಹೊಗಿ. ಇದರಾಗ ಮಸಿ ಎಲ್ಲೈತಿ?"

ಸೋಮವಾರ ಮೈದಾನದಾಗ ಹಚ್ಚಿದ್ವಿ.
ಢಮ್!
ಭರ್ತಿ ಹುಡುಗ್ರೆಲ್ಲಾ ಬೋರಲ ಬಿದ್ರು,
ಬಿದ್ದಲ್ಲೇ ಒಬ್ಬ ಕಿಸಕ್ಕಂದ.
ಧೋಂಡಿಬಾ ನಿಂತಾವ ನಿಂತಂಗ,
ಸೀಟಿ ಹಲ್ಲಾಗ, ಊದಲಿಲ್ಲ.
ಕಣ್ಣು ಬೆಳಗಾವ್ಯಾಗ ಇರಲಿಲ್ಲ.

ಸಂಜೀಕ ಬಂದ. ಚಾ ಮುಟ್ಟಲಿಲ್ಲ.
"ಒಂದೀಟು ಕಡಿಮಿ ಮಾಡ."
"ಎಷ್ಟು?"
ಕಿವಿ ಹಿಂದಿನ ಹಳೇ ಹೊಲಿಗಿ ಕೆರಕೊಂತ
ಗ್ವಾಡಿ ಮ್ಯಾಲಿನ ಪಾನಾ ಎಣಿಸಿದ,
ಹೇಳಲಿಲ್ಲ.

ಒಳಗ ಎರಡು ತಗಡು ಹೆಚ್ಚಿಗಿ ಬೆಸದ್ನಿ.
ಈಗ ಅದರ ಮೂತಿ ಮ್ಯಾಲ ಗುಬ್ಬಿ ಕೂಡ್ತಾವ,
ಢಮ್ ಅಂದ್ರ ಹಾರಿ,
ಮತ್ತ ಬಂದು ಕೂಡ್ತಾವ.