ದುಂಡಗೆ

ಗಂಗಾವತಿಯ ರೈಸ್ ಮಿಲ್ ಸಾಲು ಮುಗಿಯುವಲ್ಲಿ
ಪಂಕ್ಚರ್ ಅಂಗಡಿಗೊಂದು ತಗಡಿನ ಬೋರ್ಡು.
ದೂರಕ್ಕೆ ಕಾಣಬೇಕು, ಅಷ್ಟೇ.
ಸಣಕಲು ಅಕ್ಷರಕ್ಕೆ ಯಾವ ಲಾರಿ ನಿಂತೀತು?

ಲಾಡ್ಲೇಸಾಬ ಎಲ್ಲಕ್ಕೂ ಉಣಿಸುತ್ತಾನೆ.
'ಪ' ಅಂದರೆ ಉಂಡೆದ್ದ ಹಮಾಲನ ಹೊಟ್ಟೆ,
'ರ' ಮೊದಲು ಬರೀ ಟ್ಯೂಬು,
ಎರಡನೇ ಕೋಟಿಗೆ ಗಾಳಿ ತುಂಬಿದ ಟ್ಯೂಬು.
ಮೂಲೆ ಅನ್ನುವುದೇ ಇಲ್ಲ;
ಚೂಪು ಕಂಡಲ್ಲಿ ಹೆಬ್ಬೆರಳಲ್ಲಿ ಒರೆಸುತ್ತಾನೆ.
ಒತ್ತಕ್ಷರ ಬಂದರೆ ಮಾತ್ರ ಬೈಗುಳ:
ಇಷ್ಟು ದಪ್ಪನೆಯ 'ಕ'ದ ಕೆಳಗೆ
ಇನ್ನೊಬ್ಬ ದಪ್ಪನೆಯ 'ಚ'
ಎಲ್ಲಿ ಕೂರಬೇಕು, ನನ್ನ ತಲೆ ಮೇಲ?

ಬರೆದ. ಲಾರಿಗಳು ನಿಂತವು, ಎರಡು ವರ್ಷ.

ಮೊನ್ನೆ ಅದೇ ತಗಡು ವಾಪಸು ಬಂತು.
ಬರೆಯಬೇಕಾದ್ದು: ಮಳಿಗೆ ಖಾಲಿ ಇದೆ.
ಸಪ್ಪಗೆ ಬರೆಯಲೆಂದೇ ಕೂತ, ಆಣೆ.
ಕೈ ಕೇಳಬೇಕಲ್ಲ?
'ಖಾಲಿ'ಯೂ ತುಂಬಿಕೊಂಡೇ ಬಂತು,
ಗಲ್ಲ ಊದಿಸಿಕೊಂಡು ನಗು ತಡೆದ ಹಾಗೆ.
ಮಿಲ್ಲಿನ ತೌಡು ಹಾರಿ ಹಸಿ ಬಣ್ಣಕ್ಕೆ ಅಂಟಿತು,
ಮದುವೆ ಮನೆಯ ಪೌಡರಿನಂತೆ.

ಓದು ಬಾರದ ಹುಲಿಗೆಮ್ಮ
ಒಗ್ಗರಣೆ ಬಂಡಿ ನಿಲ್ಲಿಸಿ ಕೇಳಿದಳು:
'ಹೊಸ ಅಂಗಡಿ ಏನೋ ಸಾಬಣ್ಣ, ಯಾರದು?'

ಅವನು ಕುಂಚವನ್ನು ಸೀಮೆಎಣ್ಣೆಯಲ್ಲಿ
ಬಹಳ ಹೊತ್ತು ತಿರುವುತ್ತಿದ್ದ,
ದುಂಡಗೆ.