ಐದನೇತ್ತೆಯ ಉಕ್ತಲೇಖನ

ಸಿಂಧನೂರು ಬಿಟ್ಟು ಎಂಟು ಮೈಲಿ, ಕಾಲುವೆ ದಾಟಿದರೆ ಕ್ಯಾಂಪು.
ನೆಲ್ಲು ಕೊಯ್ದ ಗದ್ದೆಯ ಕೂಳೆ ವಾಸನೆ
ಕಿಟಕಿಯಿಂದ ಬಂದು ಮೊದಲ ಬೆಂಚಿನಲ್ಲೇ ಕೂರುತ್ತದೆ.
ನಾನು ಯಲಬುರ್ಗಿ ಕಡೆಯ ಎರೆಸೀಮೆಯವಳು,
ಕಾಲುವೆಯ ಮೇಲಿನ ಹಲಗೆಗೆ ಕಾಲಿಟ್ಟರೆ
ಇಂದಿಗೂ ಸೆರಗು ಬಿಗಿಯುತ್ತೇನೆ.

ಶುಕ್ರವಾರ, ಮೂರನೇ ಪಿರಿಯಡ್ಡು.
ದನಿ ಒಂದು, ಅರ್ಥ ಎರಡು.
ಪಠ್ಯದಲ್ಲಿ ಉದಾಹರಣೆ ನಾಲ್ಕೇ ನಾಲ್ಕು,
ಅವನ್ನೇ ಒಂದೊಂದಾಗಿ ಹೇಳಿದೆ:
ಹತ್ತು ಮೆಟ್ಟಿಲು ಹತ್ತಿದ.
ಏಳು ಗಂಟೆಗೆ ಏಳು.
ದೀಪ ಆರುವಾಗ ಗಂಟೆ ಆರು.

ಮೌನೇಶ ಬರೆದದ್ದು:
೧೦ ಮೆಟ್ಟಿಲು ೧೦ದ.
೭ ಗಂಟೆಗೆ ೭.
೬ವಾಗ ಗಂಟೆ ೬.
ಅವರಪ್ಪ ರೈಸ್‌ಮಿಲ್ಲಿನಲ್ಲಿ ಚೀಲ ಎಣಿಸುವವ,
ಆ ಮನೆಯಲ್ಲಿ ಅಕ್ಷರಕ್ಕಿಂತ ಅಂಕಿ ಅಗ್ಗ.
ನನ್ನ ಕೆಂಪು ಪೆನ್ನು ಗಾಳಿಯಲ್ಲೇ ನಿಂತಿತು,
ಎಲ್ಲಿ ಇಳಿಯಬೇಕೋ ತಿಳಿಯದೆ.

ನಾಲ್ಕನೆಯದು: ಎತ್ತು ಮಲಗಿದೆ, ಕೈ ಹಾಕಿ ಎತ್ತು.
ಸತ್ಯವೇಣಿ ಎದ್ದು ನಿಂತಳು.
'ಟೀಚರ್, ನಮ್ಮ ಮನೇಲಿ ಎತ್ತು ಅಂದ್ರೆ ಎದ್ದು.
ಎದ್ದು ಎದ್ದು ನಿಂತಿತು ಅಂತ ಬರೀಲಾ?'
ಅವಳಿಗೆ ಎರಡು ಭಾಷೆಯ ಕೊಟ್ಟಿಗೆ.
ಅವಳ ಇಲ್ಲು ಅಂದರೆ ಮನೆ,
ನಮ್ಮ ಇಲ್ಲ ಅಂದರೆ ಏನೂ ಇಲ್ಲ.
ಬೆಳಿಗ್ಗೆ ಹಾಲು ಹಂಚುವಾಗ ಲೋಟ ಚಾಚಿ 'ಪಾಲು' ಅಂದಿದ್ದಳು.
'ಎಲ್ಲಾರಿಗೂ ಒಂದೇ ಪಾಲು ಐತವ್ವಾ' ಅಂದಿದ್ದಳು ಅಡುಗೆಯ ಅಯ್ಯಮ್ಮ.
ಇಬ್ಬರೂ ತಪ್ಪಿರಲಿಲ್ಲ. ಲೋಟ ತುಂಬಿತ್ತು.

ಕೊನೆಯ ಬೆಂಚಿನಲ್ಲಿ ಹುಲಿಗೆಮ್ಮ.
ಕುರಿ ಹಿಂಡಿನ ಜೊತೆ ಬಂದವಳು,
ಗದ್ದೆಯಲ್ಲಿ ಹಟ್ಟಿ ಇರುವಷ್ಟು ದಿನ ನಮ್ಮ ಹಾಜರಿಯಲ್ಲಿ ಹೆಸರು.
ಅವಳ ಪೆನ್ಸಿಲು ಹಾಳೆಯ ಮೇಲೆ ಮಲಗಿತ್ತು.
'ಯಾಕವ್ವ, ಬರಿ' ಅಂದೆ.
ನೋಡಿದಳು.
'ಕೇಳಿಸ್ತಿಲ್ಲೇನು? ಬರಿ.'
ಅವಳ ಎಡಗೈ ನಿಧಾನ ಸರಿದು
ಅಂಗಿಯ ಮೇಲೆ, ಹೊಟ್ಟೆಗೆ ಅಡ್ಡ ನಿಂತಿತು.

ಪಕ್ಕದ ಮಾಬೂಬಿ ಹೇಳಿದಳು, ಹಾಜರಿ ಹೇಳಿದಷ್ಟೇ ಸಲೀಸಾಗಿ:
'ಆಕಿಗೆ ಕಾಮಣಿ ಆಗಿತ್ತಂತ್ರಿ. ಬರಿ ಕೊಟ್ಟಾರ.
ಕಾದ ಕುಡಗೋಲಿಂದ, ಮೂರು.'

ಪಠ್ಯದ ನಾಲ್ಕರಲ್ಲಿ ಇದಿರಲಿಲ್ಲ.
ಇಪ್ಪತ್ತೊಂದು ವರ್ಷ ದಿನಕ್ಕೆ ನೂರು ಸಲ ಹೇಳಿದ ಮಾತು,
ಯಾರು ಯಾರ ಮೈ ಮುಟ್ಟಿ ಬಂದಿದೆಯೋ!
ಅಕ್ಷರಕ್ಕೂ ಬರಿ, ಸುಟ್ಟ ಗಾಯಕ್ಕೂ ಬರಿ,
ಖಾಲಿ ಕೈಗೂ ನಮ್ಮಲ್ಲಿ ಬರಿಗೈಯೇ.
ಸೀಮೆಸುಣ್ಣ ಮುರಿದು ಎರಡಾಯಿತು. ನಾನೇ ಮುರಿದೆನೋ ಏನೋ.
'ಸಾಕು, ಮುಚ್ಚಿಡ್ರಿ' ಅಂದೆ.
'ಮನೆಯಿಂದ ಒಂದೊಂದು ತನ್ನಿ ಸೋಮವಾರ,
ಒಂದೇ ದನಿ, ಎರಡು ಅರ್ಥ.'

ಸೋಮವಾರ ಮೌನೇಶ 'ಕಾಲು' ತಂದ:
ಚೀಲ ಕಾಲು ಖಾಲಿ, ಅಪ್ಪನ ಕಾಲು ನೋವು.
ಸತ್ಯವೇಣಿ ಮರೆತು ಬಂದು
ಅಲ್ಲೇ ಕೂತು 'ಹೊಳೆ' ಹುಡುಕಿಕೊಂಡಳು.
ಹುಲಿಗೆಮ್ಮ ತಾನಾಗೇ ಎದ್ದಳು.
'ಮರಿ' ಅಂದಳು.
'ಮರಿ ಅಂದ್ರ ಕುರಿಮರಿ. ಮರಿ ಅಂದ್ರ ಮರತುಬಿಡು.'

'ಭೇಷ್. ಒಂದು ವಾಕ್ಯದಾಗ ಹೇಳು ನೋಡೋಣ.'

ಹಟ್ಟಿಯ ಕಡೆ ಒಮ್ಮೆ ನೋಡಿದಳು, ಕಿಟಕಿಯಿಂದ.
'ನನ್ನ ಹಿಡಕೊಂಡಿದ್ದಾಗ ಅವ್ವ ಅಂತಿದ್ಲು,
ಅಕಾ, ಮರಿ ನೋಡು, ಮರಿ.'

ಯಾರೂ ಕೆಮ್ಮಲಿಲ್ಲ.
ಮೊದಲನೆಯದು ತಿಳಿಯಿತು.
ಎರಡನೆಯದು ಯಾವ ಮರಿ, ಕೇಳಿದೆ.
ಕೇಳಬಾರದಿತ್ತೇನೋ. ಮಾಸ್ತರಿಕೆಯ ಚಟ.

'ಗೊತ್ತಿಲ್ರಿ' ಅಂದಳು.
'ಬೋರ್ಡಿನ ಮ್ಯಾಲ ನೀವೇ ಬರೀರಿ.'